ಅಂಗಡಿ ಬೋರ್ಡು ಕನ್ನಡವಾಯಿತು, ಮರದ ಹೆಸರು ಯಾವಾಗ?

ಕಳೆದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನ ಮುದ್ರಣಾಲಯಕ್ಕೆ ಒಂದು ಆರ್ಡರ್ ಬಂತು. ಖಾಸಗಿ ಶಾಲೆಯೊಂದರದ್ದು. ಹೆಸರು ಬೇಡ. ಮಕ್ಕಳು ಕಾಡಿಗೆ ಹೋಗಿ ಗಿಡಮರಗಳನ್ನು ನೋಡಿ, ಚಿತ್ರ ಬರೆದು, ಕಂಡದ್ದನ್ನು ಟಿಪ್ಪಣಿ ಮಾಡಿಕೊಳ್ಳುವುದಕ್ಕೆಂದು 64 ಪುಟದ ನೋಟ್ ಪುಸ್ತಕ. 600 ಪ್ರತಿ ಬೇಕಿತ್ತು. ಮೇಲುಹೊದಿಕೆಯ ಮೇಲೆ 'ನೇಚರ್ ಜರ್ನಲ್' ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರ.

ಮಕ್ಕಳು ಕಾಡು ನೋಡಲಿ ಎಂಬ ಬುದ್ಧಿ ಯಾರಿಗೇ ಬಂದರೂ ಮೆಚ್ಚಬೇಕಾದ್ದೇ. ನಾನೂ ಮೆಚ್ಚಿದೆ. ಆದರೆ ಮ್ಯಾಟರ್ ತೆರೆದು ನೋಡಿದರೆ ಏನಿದೆ? ಹೊದಿಕೆಯ ತುಂಬ ಡ್ಯಾಫೊಡಿಲ್ ಹೂವು, ಮೇಪಲ್ ಎಲೆ! ಇವೆರಡನ್ನೂ ನಮ್ಮ ಶಿವಮೊಗ್ಗ ಜಿಲ್ಲೆಯ ಯಾವ ಕಾಡಿನಲ್ಲಿ ಹುಡುಕುವುದು ಸ್ವಾಮಿ? ಒಳಪುಟದಲ್ಲಿ ಕಾಮನ್ ನೇಮ್, ಬೊಟಾನಿಕಲ್ ನೇಮ್, ಹ್ಯಾಬಿಟ್ಯಾಟ್ ಎಂದು ಗೆರೆ ಹಾಕಿದ ಜಾಗಗಳು. ಕನ್ನಡದ ಹೆಸರು ಬರೆಯಲು ಒಂದು ಗೆರೆಯೂ ಇಲ್ಲ.

ಪ್ರೂಫ್ ಕೊಡುವಾಗ ಕೇಳಿದೆ: "ಸಾರ್, ಇಲ್ಲೊಂದು ಗೆರೆ ಜಾಸ್ತಿ ಹಾಕಿಕೊಡ್ತೀನಿ. ಕನ್ನಡ ಹೆಸರು ಅಂತ. ಚಾರ್ಜು ಏನೂ ಬೇಡ."

"ಬೇಡ ಸಾರ್. ಎರಡು ಭಾಷೆ ಬಂದ್ರೆ ಪೇಜು ನೀಟಾಗಿ ಕಾಣಲ್ಲ. ಪೇರೆಂಟ್ಸೂ ಒಪ್ಪಲ್ಲ" ಎಂದರು.

ಹೇಳಿದವರು ಕನ್ನಡಿಗರೇ. ಒಪ್ಪದ ಆ ಪೇರೆಂಟ್ಸೂ ಕನ್ನಡಿಗರೇ. ಕಾಡು ನಮ್ಮದು, ಮಕ್ಕಳು ನಮ್ಮವು, ಮರಕ್ಕೆ ಹೆಸರಿಟ್ಟವರು ನಮ್ಮ ಅಜ್ಜ ಅಜ್ಜಿಯರು. ಆ ಹೆಸರಿಗೆ ಮಾತ್ರ ಪುಸ್ತಕದಲ್ಲಿ ಜಾಗವಿಲ್ಲ!

ಆಮೇಲೆ ನಾನೇನು ಮಾಡಿದೆ? ಆರ್ಡರ್ ವಾಪಸ್ ಕೊಟ್ಟೆನೆ? ಇಲ್ಲ. ಅಡ್ವಾನ್ಸ್ ತೆಗೆದುಕೊಂಡಿದ್ದೆ, ಕಾಗದದ ಅಂಗಡಿಯಲ್ಲಿ ಸಾಲವಿತ್ತು. 600 ಪ್ರತಿ ಅಚ್ಚು ಹಾಕಿ, ಪಿನ್ ಹೊಡೆಸಿ, ಕಟ್ಟು ಕಟ್ಟಿ ಕಳಿಸಿದೆ. ಹಾಗಾದರೆ ಬರೆಯಲು ನಿನಗೇನು ಹಕ್ಕು ಎಂದು ನೀವು ಕೇಳಬಹುದು. ಕೇಳಿ. ಆ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕಾನಿನಲ್ಲಿ ಕಲಿತ ಪಾಠ

ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಓದುವುದೂ ಇಂಗ್ಲಿಷ್ ಮಾಧ್ಯಮದಲ್ಲೇ, ಏಳನೇ ತರಗತಿ. ಅಚ್ಚು ಕೆಟ್ಟು ಉಳಿದಿದ್ದ ಒಂದು ಪ್ರತಿಯನ್ನು ಅವಳು ಮನೆಗೆ ಒಯ್ದಳು. ಮೃಗಶಿರ ಮಳೆ ಹಿಡಿದಿತ್ತು. ಭಾನುವಾರ ಸೊರಬದ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗಿದ್ದೆವು. ಮನೆಯ ಹಿಂದೆಯೇ ಕಾನು. ಮಲೆನಾಡಿನವರಿಗೆ ಕಾನು ಎಂದರೇನೆಂದು ಹೇಳಬೇಕಾಗಿಲ್ಲ. ಬಯಲುಸೀಮೆಯ ಬಂಧುಗಳಿಗಾಗಿ ಹೇಳುತ್ತೇನೆ: ವರ್ಷವಿಡೀ ಹಸಿರಾಗಿರುವ, ಹಿಂದಿನವರು ದೇವರಿಗೆಂದು, ನೀರಿಗೆಂದು, ಮೆಣಸಿನ ಬಳ್ಳಿಗೆಂದು ಕಡಿಯದೆ ಉಳಿಸಿಕೊಂಡು ಬಂದ ದಟ್ಟ ಕಾಡಿನ ತುಂಡು.

ಮಗಳು ಒಂದು ಮರದ ಮುಂದೆ ಕುಳಿತು ಚಿತ್ರ ಬರೆದಳು. ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಒಡೆದಿದೆ. ಚಿತ್ರ ಚೆನ್ನಾಗಿಯೇ ಬಂತು. ಕೆಳಗೆ ಹೆಸರಿನ ಜಾಗದಲ್ಲಿ 'ಬಿರುಕು ತೊಗಟೆಯ ಮರ' ಎಂದು ಇಂಗ್ಲಿಷಿನಲ್ಲಿ ಬರೆದಳು. ನನ್ನನ್ನು ಕೇಳಿದಳು. ಮಲೆನಾಡಿನಲ್ಲೇ ಹುಟ್ಟಿ ಬೆಳೆದ, ಕನ್ನಡ ಕನ್ನಡ ಎಂದು ಕರಪತ್ರ ಅಚ್ಚು ಹಾಕುವ ಈ ಮಹಾಶಯನಿಗೂ ಗೊತ್ತಿರಲಿಲ್ಲ!

ಅತ್ತೆಗೆ ಆಗ ಎಪ್ಪತ್ತೆಂಟು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೋಲೂರಿಕೊಂಡು ಬಂದವರು ನೋಡಿ ನಕ್ಕರು. "ಇದು ಮತ್ತಿ ಕಣೋ ತಮ್ಮಾ. ಬೇಸಿಗೇಲಿ ಇದರ ಹೊಟ್ಟೇಲಿ ನೀರಿರ್ತದೆ. ಅದರಾಚೆ ಇರೋದು ಹೊನ್ನೆ. ಕಡಿದರೆ ರಕ್ತದಂಥ ರಸ ಬರ್ತದೆ. ಅಗೋ, ಅದನ್ನ ಮುಟ್ಟಬ್ಯಾಡ ಮಗಾ, ಅದು ಹೊಲಗೇರು. ಸೋನೆ ತಾಗಿದರೆ ಮೈಯೆಲ್ಲ ಬಾತುಹೋಗ್ತದೆ. ಓದಿದೋರು ನೀವು, ಹೆಸರು ಗೊತ್ತಿಲ್ಲದೆ ಕಾನಿನ ಒಳಗೆ ಹೆಂಗೆ ಬಂದ್ರಿ?"

ಅಲ್ಲಿಂದ ಮುಂದಿನ ಒಂದು ಗಂಟೆಯಲ್ಲಿ ಆ ಮುದುಕಿ 37 ಗಿಡ, ಮರ, ಬಳ್ಳಿಗಳ ಹೆಸರು ಹೇಳಿದರು. ಉಪ್ಪಾಗೆ, ಮುರುಗಲು, ಸುರಗಿ, ರಂಜ, ರಾಮಪತ್ರೆ, ಬೈನೆ, ವಾಟೆ, ನಂದಿ, ಬೀಟೆ. ಮರದ ಕೊಂಬೆಯ ಮೇಲಿಂದ ನರಿಬಾಲದಂತೆ ಇಳಿಬಿದ್ದ ಸೀತಾಳೆ ದಂಡೆ. ಯಾವುದರ ಹಣ್ಣು ಹುಳಿಗೆ, ಯಾವುದರ ಎಲೆ ಗೊಬ್ಬರಕ್ಕೆ, ಯಾವುದರ ಹೂವು ಒಣಗಿದ ಮೇಲೂ ಘಮಘಮಿಸುತ್ತದೆ, ಎಲ್ಲವನ್ನೂ ಹೇಳಿದರು. ಮಗಳು ಇಂಗ್ಲಿಷಿನ ಗೆರೆಗಳ ಮೇಲೆಯೇ ಕನ್ನಡದಲ್ಲಿ ಬರೆದುಕೊಂಡಳು. ಕನ್ನಡಕ್ಕೆ ಬೇರೆ ಜಾಗವಿರಲಿಲ್ಲವಲ್ಲ!

"ಬರಕೊಂಡು ಏನ್ ಮಾಡ್ತೀಯ ಮಗಾ? ನಾನಿದೀನಲ್ಲ, ಕೇಳಿದರಾಯ್ತು" ಎಂದರು ಅತ್ತೆ.

ಅದೇ ವರ್ಷದ ಚಳಿಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಇನ್ನು ಅವರು ಕಾನಿಗೆ ಹೋಗುವುದಿಲ್ಲ. ಈಗ ಮಗಳು ಉದುರಿದ ಎಲೆ, ಕಾಯಿಗಳನ್ನು ಆರಿಸಿ ತಂದು ಅವರ ಮಂಚದ ಬಳಿ ಹಿಡಿಯುತ್ತಾಳೆ. ಕೆಲವನ್ನು ಮೂಸಿ ಹೇಳುತ್ತಾರೆ. ಕೆಲವಕ್ಕೆ "ಮರ ನೋಡದೆ ಹೇಳೂಕಾಗಲ್ಲ ಮಗಾ" ಎನ್ನುತ್ತಾರೆ. 37 ಹೆಸರು ಪುಸ್ತಕದಲ್ಲಿದೆ. ಅವರ ತಲೆಯಲ್ಲಿ ಇನ್ನೆಷ್ಟಿತ್ತೋ!

ಕನ್ನಡಿಗರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ, ಒಬ್ಬ ಅಜ್ಜ ಇದ್ದಾರೆ. ಯೋಚಿಸಿ.

ಹೊರಗಿನವರು ಕೇಳಿ ಬರೆದರು

ಕಾಡು ಸುತ್ತಿ ಟಿಪ್ಪಣಿ ಬರೆಯುವುದು ಹೊಸ ಫ್ಯಾಷನ್ ಅಲ್ಲ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ನಮ್ಮ ನಾಡಿಗೆ ಕಳಿಸಿತು. ಗೆದ್ದ ನೆಲದಲ್ಲಿ ಏನೇನು ಸಿಗುತ್ತದೆಂದು ಲೆಕ್ಕ ಹಾಕುವುದು ಕಂಪನಿಯ ಉದ್ದೇಶ. ಆತ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ದಿನ ದಿನದ ಟಿಪ್ಪಣಿ ಬರೆದ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಾಡಿನ ಮರಗಳ ಪಟ್ಟಿ ಮಾಡುವಾಗ ಆತ ಹಳ್ಳಿಯವರನ್ನು ಕೇಳಿ ಅವರಾಡಿದ ಹೆಸರುಗಳನ್ನೇ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡ.

ಅದರ ಫಲ ನೋಡಿ. ಸುರಗಿ ಮರಕ್ಕೆ ಇಂದು ಜಗತ್ತಿನ ವಿಜ್ಞಾನಿಗಳು ಕರೆಯುವ ಶಾಸ್ತ್ರೀಯ ಹೆಸರು 'ಮಮ್ಮಿಯಾ ಸುರಿಗ'. ನಮ್ಮ ಸುರಗಿಯೇ ಅಲ್ಲಿ ಕುಳಿತಿದೆ! ಅತ್ತೆ ಮುಟ್ಟಬೇಡ ಎಂದರಲ್ಲ, ಆ ಹೊಲಗೇರಿನ ಕುಲಕ್ಕೆ ಶಾಸ್ತ್ರೀಯ ಹೆಸರು 'ಹೊಲಿಗಾರ್ನ'. ಎರಡೂ ಬುಕಾನನ್ ದಾಖಲಿಸಿದ ಹೆಸರುಗಳು. ಯಾರೋ ಒಬ್ಬ ಹೆಸರಿಲ್ಲದ ಕನ್ನಡಿಗ ಅಂದು ಬಾಯಿಬಿಟ್ಟು ಹೇಳಿದ, ಇನ್ನೊಬ್ಬ ಬರೆದುಕೊಂಡ. ಆದ್ದರಿಂದ ಕನ್ನಡದ ಮಾತು ಜಗತ್ತಿನ ಶಾಸ್ತ್ರದಲ್ಲಿ ಉಳಿಯಿತು. ಲ್ಯಾಟಿನ್ನಿನಲ್ಲಿ ಜಾಗವಿರುವ ನಮ್ಮ ಹೆಸರಿಗೆ ನಮ್ಮ ಮಕ್ಕಳ ನೋಟ್ ಪುಸ್ತಕದಲ್ಲಿ ಜಾಗವಿಲ್ಲ ಎಂದರೆ ಇದಕ್ಕಿಂತ ನಾಚಿಕೆಗೇಡು ಬೇರೆ ಉಂಟೆ?

1840ರ ದಶಕದಲ್ಲಿ ನಮ್ಮ ಶಿವಮೊಗ್ಗದಲ್ಲೇ ಹ್ಯೂ ಕ್ಲೆಗಾರ್ನ್ ಎಂಬ ಇನ್ನೊಬ್ಬ ಸ್ಕಾಟಿಷ್ ವೈದ್ಯನಿದ್ದ. ದಿನಕ್ಕೊಂದು ಗಿಡವನ್ನು ನೋಡಿ ತಿಳಿಯಬೇಕೆಂಬುದು ಆತನ ನಿಯಮ. ಭಾರತೀಯ ಚಿತ್ರಕಾರನೊಬ್ಬನಿಂದ ಆ ಗಿಡಗಳ ಚಿತ್ರ ಬರೆಸಿದ. ಆ ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಶಿವಮೊಗ್ಗದ ಗಿಡವನ್ನು ನೋಡಲು ಶಿವಮೊಗ್ಗದವನು ಎಡಿನ್‌ಬರೋಗೆ ಹೋಗಬೇಕು!

ಮುದ್ರಣದ ಕಸುಬಿನವನಾಗಿ ನಾನು ಕೈಮುಗಿಯುವ ಇನ್ನೊಬ್ಬರು ರೆವರೆಂಡ್ ಕಿಟ್ಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಅವರ ನಿಘಂಟನ್ನು ತೆರೆದರೆ ಪುಟ ಪುಟದಲ್ಲೂ ಗಿಡಮರಗಳ ಕನ್ನಡ ಹೆಸರು, ಜೊತೆಗೆ ಶಾಸ್ತ್ರೀಯ ಹೆಸರು. ಆ ಕಾಲದಲ್ಲಿ ಮೊಳೆ ಜೋಡಿಸುವುದೆಂದರೇನು ಎಂಬುದು ನನಗೆ ಗೊತ್ತು. ನಮ್ಮ ತಂದೆ ಟ್ರೆಡಲ್ ಮೆಷಿನ್ನಿನವರು. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಹೆಕ್ಕಿ ಜೋಡಿಸಿದ ಆ ಪುಣ್ಯಾತ್ಮರು ಕನ್ನಡದ ಗಿಡವನ್ನು ಉಳಿಸಿದರು. ಇಂದು ಕಂಪ್ಯೂಟರಿನಲ್ಲಿ ಒಂದು ಗೆರೆ ಹೆಚ್ಚಿಗೆ ಹಾಕಲು ನಮಗೆ ಪುಟದ ಅಂದ ಅಡ್ಡ ಬರುತ್ತದೆ.

ನಮ್ಮವರು ಬರೆಯಲಿಲ್ಲವೇ? ಬರೆದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಕೊಟ್ಟರು. ಬಿ.ಜಿ.ಎಲ್. ಸ್ವಾಮಿ ಮದರಾಸಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡು ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟದ ಕಾಡು ಸುತ್ತಿದ್ದನ್ನು ಕನ್ನಡದಲ್ಲಿ 'ಹಸುರು ಹೊನ್ನು' ಎಂದು ಬರೆದರು, ಚಿತ್ರಗಳನ್ನೂ ತಾವೇ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೂಡಿಗೆರೆಯಲ್ಲಿ ಕುಳಿತ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಹುಳು, ಕಾಡುಗಳನ್ನು ಕನ್ನಡದ ಮನೆಮಾತು ಮಾಡಿದರು. ವಿಜ್ಞಾನ ಕನ್ನಡದಲ್ಲಿ ಬರೆಯಲಾಗದು ಎನ್ನುವವರ ಬಾಯಿಗೆ ಬೀಗ ಹಾಕಲು ಈ ಮೂವರೇ ಸಾಕು. ಆದರೆ ದೊಡ್ಡವರ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ನವೆಂಬರಿನಲ್ಲಿ ಹಾರ ಹಾಕಿದರೆ ಸಾಲದು. ಅವರು ಮಾಡಿದ ಕೆಲಸವನ್ನು ನಾವೂ ನಮ್ಮ ಕೈಲಾದಷ್ಟು ಮಾಡಬೇಕು.

ಲ್ಯಾಟಿನ್ ಬೇಡವೇ?

ಬೇಕು. ನಾನು ಪಿಯುಸಿ ಓದಿದವನು, ಸಸ್ಯಶಾಸ್ತ್ರಜ್ಞನಲ್ಲ. ಆದರೂ ಈ ಒಂದು ವರ್ಷದಲ್ಲಿ ನನಗೆ ತಿಳಿದ ಮಾತು ಹೇಳುತ್ತೇನೆ. ನಮ್ಮ ಮಲೆನಾಡಿನಲ್ಲಿ ವಾಟೆ ಎಂದರೆ ಹುಳಿಹಣ್ಣಿನ ಮರವೂ ಹೌದು, ಒಂದು ಜಾತಿಯ ಸಣ್ಣ ಬಿದಿರೂ ಹೌದು. ಘಟ್ಟದ ಮೇಲಿನ ಮುರುಗಲು ಮಂಗಳೂರು ಕಡೆ ಪುನರ್ಪುಳಿ, ಪೇಟೆಯ ಬಾಟಲಿಯಲ್ಲಿ ಕೋಕಂ. ಒಂದು ಹೆಸರಿಗೆ ಎರಡು ಮರ, ಒಂದು ಮರಕ್ಕೆ ಮೂರು ಹೆಸರು. ಇಂಥ ಕಡೆ ಶಾಸ್ತ್ರೀಯ ಹೆಸರು ಇದ್ದರೆ ಜಗಳ ಇಲ್ಲ. ಎರಡನ್ನೂ ಬರೆಯಿರಿ.

ಆದರೆ ಕನ್ನಡ ಹೆಸರುಗಳು ಹೆಚ್ಚಿವೆ, ಗೊಂದಲ ಎಂದು ಬಿಟ್ಟುಬಿಡುವುದು ಮೂರ್ಖತನ. ಆ ಹೆಸರಿನೊಳಗೆ ಊರಿದೆ, ಅಡುಗೆಯಿದೆ, ಔಷಧಿಯಿದೆ, ಎಚ್ಚರಿಕೆಯಿದೆ. ಹೊಲಗೇರು ಎಂಬ ಮಾತು ಕಿವಿಗೆ ಬಿದ್ದರೆ ಮಲೆನಾಡಿನ ಹಳೆಯ ಜೀವ ಕೈ ಹಿಂದೆ ತೆಗೆದುಕೊಳ್ಳುತ್ತದೆ. ಲ್ಯಾಟಿನ್ ಹೆಸರು ಓದಿದ ಮಗು ಮುಟ್ಟಿಬಿಡುತ್ತದೆ.

ಈಗ ಮೊಬೈಲಿನಲ್ಲಿ ಎಲೆಯ ಫೋಟೋ ತೆಗೆದರೆ ಹೆಸರು ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ. ಕೆಲವೊಮ್ಮೆ ಸರಿಯಾಗಿಯೂ ಬರುತ್ತದೆ. ಆದರೆ ನಿಮ್ಮ ಊರಿನವರು ಅದನ್ನು ಏನೆನ್ನುತ್ತಾರೆಂದು ಮೊಬೈಲಿಗೆ ಯಾರು ಹೇಳಿದ್ದಾರೆ? ನೀವು ಬರೆದಿಟ್ಟಿದ್ದರೆ ತಾನೇ ಅದಕ್ಕೂ ಗೊತ್ತಾಗುವುದು? ಇನ್ನೊಂದು ಮಾತು. ಫೋಟೋ ತೆಗೆಯಲು ಒಂದು ಕ್ಷಣ ಸಾಕು. ಎಲೆಯ ಚಿತ್ರ ಬರೆಯಬೇಕಾದರೆ ಅಂಚು ಗರಗಸದಂತಿದೆಯೋ ನಯವಾಗಿದೆಯೋ, ಎಲೆಗಳು ಎದುರು ಬದುರೋ ಒಂದಾದ ಮೇಲೊಂದೋ, ನರಗಳೆಷ್ಟು ಎಂದು ನೋಡಲೇಬೇಕು. ನನ್ನ ಮಗಳಿಗೆ ಚಿತ್ರ ಬರೆದ ಮರಗಳು ಗುರುತಿವೆ, ಫೋಟೋ ತೆಗೆದವು ಮರೆತುಹೋಗಿವೆ.

ಇದು ಬರೀ ಮಕ್ಕಳಾಟವಲ್ಲ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವೂ ಒಂದು ಜನತಾ ದಾಖಲಾತಿಯಲ್ಲಿ ಸೇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಕೇಳಿದ್ದೀರಾ? ಕೇಳಿ ನೋಡಿ. ಅದರಲ್ಲಿ ನಿಮ್ಮ ಊರಿನ ಹೆಸರುಗಳಿವೆಯೋ, ಪಕ್ಕದ ಊರಿನ ಪಟ್ಟಿಯ ನಕಲಿದೆಯೋ ಪರೀಕ್ಷಿಸಿ. ಊರವರ ಕೈಯಲ್ಲಿ ಹತ್ತು ದಿನಚರಿ ಪುಸ್ತಕಗಳಿದ್ದರೆ ಯಾರೂ ಸುಳ್ಳು ಪಟ್ಟಿ ತುಂಬಲಾರರು.

ಒಂದು ಎಚ್ಚರಿಕೆ. ನಾಟಿವೈದ್ಯರು ಕೆಲವು ಬೇರಿನ ಗುಟ್ಟು ಹೇಳುವುದಿಲ್ಲ. ಹೇಳಿದರೆ ಮದ್ದು ಫಲಿಸದು ಎಂಬ ನಂಬಿಕೆ. ಒತ್ತಾಯ ಮಾಡಬೇಡಿ. ಗಿಡದ ಹೆಸರು ಕೇಳಿ, ಮದ್ದಿನ ಗುಟ್ಟು ಅವರದ್ದು. ಬಿಟ್ಟುಬಿಡಿ.

ಕಾಡು ಹೋದರೆ ಹೆಸರು ಹೋಗುತ್ತದೆ, ಹೆಸರು ಹೋದರೆ ಕಾಡು ಹೋದದ್ದೂ ಗೊತ್ತಾಗುವುದಿಲ್ಲ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಸಾಲು ಸಾಲು ಅಕೇಶಿಯಾ ನೋಡಿ. ಆಸ್ಟ್ರೇಲಿಯಾ ಕಡೆಯ ಮರ. ಭದ್ರಾವತಿಯ ಕಾಗದ ಕಾರ್ಖಾನೆಗೆಂದೂ ಇಂಥ ತೋಪು ಬೆಳೆಸಿದರು. ಆ ಕಾಗದದಲ್ಲಿ ಅಚ್ಚು ಹಾಕಿ ಅನ್ನ ಉಂಡವನು ನಾನು, ಆದ್ದರಿಂದ ಬೇರೆಯವರ ಮೇಲೆ ಕೈ ತೋರಿಸುವುದಿಲ್ಲ. ಆದರೆ ಅಕೇಶಿಯಾ ತೋಪಿನಲ್ಲಿ ದಿನಚರಿ ಬರೆಯಲು ಕುಳಿತರೆ ಎರಡನೇ ಪುಟಕ್ಕೆ ಮುಗಿದುಹೋಗುತ್ತದೆ. ಕಾನಿನಲ್ಲಿ ಕುಳಿತರೆ ಪುಸ್ತಕ ಸಾಲುವುದಿಲ್ಲ. ಎರಡಕ್ಕೂ 'ಹಸಿರು' ಎಂದು ಒಂದೇ ಹೆಸರು ಹೇಳಿ ನಮ್ಮನ್ನು ಮೋಸಪಡಿಸುವವರಿಗೆ ಈ ಪುಸ್ತಕಗಳೇ ಉತ್ತರ.

ಹೇಗೆ ಬರೆಯಬೇಕು?

ದುಡ್ಡಿನ ಖರ್ಚಿಲ್ಲ. ಪೆನ್ಸಿಲ್ ಹಿಡಿಯಿರಿ. ಪೆನ್ನಿನ ಶಾಯಿ ಮಲೆನಾಡಿನ ಮಳೆಗೆ ನಿಲ್ಲದು. ಪುಟದ ಮೇಲೆ ತಾರೀಖು, ಜೊತೆಗೆ ಮಳೆಯ ಹೆಸರು ಹಾಕಿ. ಕ್ಯಾಲೆಂಡರ್ ಅಚ್ಚು ಹಾಕುವವನಾಗಿ ಹೇಳುತ್ತೇನೆ, ನಮ್ಮ ಹಿರಿಯರ ಮಳೆ ನಕ್ಷತ್ರದ ಲೆಕ್ಕ ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುತ್ತದೆ. ಕಾಡೂ ಹಾಗೆಯೇ ಬದಲಾಗುತ್ತದೆ. ಒಂದೊಂದು ಮಳೆಗೆ ಒಂದು ಸಲ ಅದೇ ಮರದ ಹತ್ತಿರ ಹೋಗಿ. ಚಿಗುರಿತೇ, ಹೂಬಿಟ್ಟಿತೇ, ಯಾವ ಹಕ್ಕಿ ಬಂತು ಬರೆಯಿರಿ. ಹತ್ತು ವರ್ಷ ಬರೆದರೆ ಮಳೆ ಎಷ್ಟು ಹಿಂದುಮುಂದಾಯಿತು, ಹೂವು ಎಷ್ಟು ಹಿಂದುಮುಂದಾಯಿತು ಎಂದು ನಿಮ್ಮ ಊರಿನ ಲೆಕ್ಕವೇ ಸಿಗುತ್ತದೆ.

ಹೆಸರು ಹೇಳಿದವರು ಯಾರು, ಯಾವ ಊರಿನವರು ಎಂದು ಪಕ್ಕದಲ್ಲೇ ಬರೆಯಿರಿ. ಗೊತ್ತಿಲ್ಲದಿದ್ದರೆ ಜಾಗ ಬಿಡಿ, ಸುಳ್ಳು ತುಂಬಬೇಡಿ. ತಪ್ಪಾದರೆ ರಬ್ಬರ್ ಹಾಕಬೇಡಿ, ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ. ನಾವು ಪ್ರೆಸ್ಸಿನವರು ಪ್ರೂಫ್ ತಿದ್ದುವುದೂ ಹಾಗೆಯೇ. ಗಿಡ ಕೀಳಬೇಡಿ, ಬಿದ್ದ ಎಲೆ ಸಾಕು. ಗುರುತಿಲ್ಲದ ಹಣ್ಣು ಬಾಯಿಗಿಡಬೇಡಿ.

ಬಯಲುಸೀಮೆಯವರು ನಮಗೆ ಕಾನಿಲ್ಲ ಎನ್ನಬೇಡಿ. ಮುತ್ತುಗ ಎಲೆ ಉದುರಿಸಿ ಕೆಂಪು ಹೂ ಬಿಡುವುದು, ಕಕ್ಕೆಮರ ಬೇಸಿಗೆಯಲ್ಲಿ ಹಳದಿ ಗೊಂಚಲು ಇಳಿಬಿಡುವುದು ನಿಮ್ಮ ಕುರುಚಲು ಕಾಡಿನಲ್ಲೇ. ಬೆಂಗಳೂರಿನವರಿಗೂ ಹೊಂಗೆಯಿದೆ.

ನಮ್ಮ ಒತ್ತಾಯ

ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಬೀದಿಗಿಳಿದು ಹೋರಾಡಿದವರಿಗೆ ನಮಸ್ಕಾರ. ಆದರೆ ಉದ್ಯಾನವನದಲ್ಲಿ, ಕಾಡಿನ ದಾರಿಯಲ್ಲಿ ಮರಕ್ಕೆ ಹೊಡೆದ ತಗಡನ್ನು ಎಷ್ಟು ಜನ ಓದಿದ್ದೇವೆ? ಕೆಲವು ಕಡೆ ಕನ್ನಡ ಹೆಸರಿದೆ, ಸಂತೋಷ. ನಾನು ನೋಡಿದ ಎಷ್ಟೋ ಕಡೆ ಇಂಗ್ಲಿಷ್, ಲ್ಯಾಟಿನ್ ಎರಡೇ. ಇನ್ನು ಕೆಲವು ಕಡೆ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ! ಬೋರ್ಡಿಗೆ ಮಸಿ ಬಳಿಯುವ ಹುಮ್ಮಸ್ಸಿನ ನಮ್ಮ ಹುಡುಗರಿಗೆ ಒಂದು ಮಾತು: ಮರದ ತಗಡಿಗೆ ಮಸಿ ಬಳಿಯಬೇಡಿ. ಸರಿಯಾದ ಕನ್ನಡ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಹೋಗಿ, ಅಧಿಕಾರಿಯ ಮೇಜಿನ ಮೇಲೆ ಇಡಿ. ನಮಗೇ ಹೆಸರು ಗೊತ್ತಿಲ್ಲದೆ ಬೋರ್ಡು ಬದಲಾಯಿಸಿ ಎಂದರೆ ಅವರು ಏನೆಂದು ಬರೆಯಬೇಕು?

ಅರಣ್ಯ ಇಲಾಖೆ ಪ್ರತಿ ಮರದ ಫಲಕದಲ್ಲೂ ಆ ಸೀಮೆಯ ಕನ್ನಡ ಹೆಸರನ್ನು ಮೊದಲು ಹಾಕಲಿ. ಶಾಲೆಗಳು, ಮಾಧ್ಯಮ ಯಾವುದೇ ಇರಲಿ, ಕಾಡಿನ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದ ಹೆಸರಿಗೆ ಮೊದಲ ಗೆರೆ ಕೊಡಲಿ. ಕನ್ನಡ ಸಂಘಗಳು ರಾಜ್ಯೋತ್ಸವದ ಆರ್ಕೆಸ್ಟ್ರಾ ಖರ್ಚಿನಲ್ಲಿ ಹತ್ತರಲ್ಲೊಂದು ಭಾಗ ತೆಗೆದಿಟ್ಟು ಮಕ್ಕಳನ್ನು ಹಿರಿಯರ ಜೊತೆ ಒಂದು ದಿನ ಕಾಡಿಗೆ ಕರೆದೊಯ್ಯಲಿ.

ಮತ್ತು ನಾನು? ಹೇಳಿದ್ದನ್ನು ಮಾಡದವನು ಹೇಳಬಾರದು. ಲಗ್ನಪತ್ರಿಕೆ, ಬಿಲ್ ಬುಕ್ ಕತ್ತರಿಸಿದಾಗ ಉಳಿಯುವ ಕಾಗದದ ಪಟ್ಟಿಗಳನ್ನು ಒಂದು ವರ್ಷ ಕೂಡಿಟ್ಟೆ. ಅದರಲ್ಲಿ 48 ಪುಟದ ಅಂಗೈಯಗಲದ 200 ಪುಸ್ತಕ ಮಾಡಿಸಿದೆ. ಮೇಲುಹೊದಿಕೆಯ ಮೇಲೆ ಮಗಳು ಬರೆದ ಮತ್ತಿಯ ತೊಗಟೆ. ಒಳಗೆ ಮೊದಲ ಗೆರೆ 'ನಮ್ಮೂರಲ್ಲಿ ಏನೆನ್ನುತ್ತಾರೆ', ಎರಡನೆಯದು 'ಹೇಳಿದವರು', ಮೂರನೆಯದು 'ಶಾಸ್ತ್ರೀಯ ಹೆಸರು'. ಉಳಿದದ್ದು ಖಾಲಿ, ಚಿತ್ರಕ್ಕೆ. ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ಹಂಚಿದ್ದೇನೆ. ಈ ವರ್ಷ ಇನ್ನೂ 200 ಮಾಡುತ್ತೇನೆ. ಪ್ರತಿ ಊರಿನಲ್ಲೂ ಪ್ರೆಸ್ಸಿದೆ, ಪ್ರತಿ ಪ್ರೆಸ್ಸಿನಲ್ಲೂ ಕತ್ತರಿಸಿದ ಕಾಗದ ರದ್ದಿಗೆ ಹೋಗುತ್ತಿದೆ. ಕಸುಬಿನ ಬಂಧುಗಳೇ, ನೀವೂ ಮಾಡಿ.

ಮೊದಲು ಆರ್ಡರ್ ಕೊಟ್ಟ ಶಾಲೆಯವರು ಈ ಸಲವೂ ಬರುತ್ತಾರೆ. ಗೆರೆ ಹಾಕದೆ ಅಚ್ಚು ಮಾಡುವುದಿಲ್ಲ ಎಂದು ಹೇಳಲು ತೀರ್ಮಾನಿಸಿದ್ದೇನೆ. ಆರ್ಡರ್ ಹೋದರೆ ಹೋಗಲಿ.

ಕನ್ನಡಿಗರೇ, ಬರುವ ಭಾನುವಾರ ನಿಮ್ಮ ಮನೆಯ ಹಿರಿಯರನ್ನು ಕೈಹಿಡಿದು ಹತ್ತಿರದ ಒಂದು ಮರದ ಬಳಿಗೆ ಕರೆದೊಯ್ಯಿರಿ. ಹೆಸರು ಕೇಳಿ. ಕನ್ನಡದಲ್ಲಿ ಬರೆದುಕೊಳ್ಳಿ. ಅವರು ನಡೆಯಬಲ್ಲವರಾಗಿರುವಾಗಲೇ ಹೋಗಿ.